ಆ ಪದ ಬರುವವರೆಗೆ ಕಾಯಬೇಡಿ

ಜಗತ್ತಿನ ವಿದೇಶಾಂಗ ಇಲಾಖೆಗಳ ವಕ್ತಾರರಿಗೆ,

ಮಾನ್ಯರೇ,

ನಿಮ್ಮ ಮುಂದೆ ಪತ್ರಕರ್ತರು, ಬೆನ್ನ ಹಿಂದೆ ಇಲಾಖೆಯ ವಕೀಲರು, ತಲೆಯ ಮೇಲೆ ಮಂತ್ರಿಗಳು. ಬಾಯಿಂದ ಹೊರಟ ಒಂದು ಮಾತು ಎರಡು ದೇಶಗಳ ಸಂಬಂಧವನ್ನೇ ಕೆಡಿಸಬಹುದು. ಆ ಎಚ್ಚರವನ್ನು ನಾನು ಹಳಿಯುವುದಿಲ್ಲ. ನನ್ನ ತಕರಾರು ಇರುವುದು ಒಂದೇ ಪದದ ಬಗ್ಗೆ: ಜೀನೊಸೈಡ್.

ಕನ್ನಡದಲ್ಲಿ ನಾವದನ್ನು ನರಮೇಧ ಅನ್ನುತ್ತೇವೆ, ಜನಾಂಗೀಯ ಹತ್ಯೆ ಅನ್ನುತ್ತೇವೆ. ಆದರೆ ನಮ್ಮ ಪತ್ರಿಕೆಗಳಲ್ಲಿ ಒಂದು ಸಂಜೆಯ ಗುಂಡಿನ ದಾಳಿಗೂ ನರಮೇಧವೇ ಶೀರ್ಷಿಕೆ. ಹಾಗಾಗಿ ವಿದೇಶದ ಸುದ್ದಿ ಬರೆಯುವವರು ಮಾತು ಬಿಗಿಯಾಗಬೇಕು ಅನಿಸಿದಾಗ ಇಂಗ್ಲಿಷ್ ಪದವನ್ನೇ ಕನ್ನಡ ಅಕ್ಷರದಲ್ಲಿ ತಂದಿಡುತ್ತಾರೆ. ಅದು ಕಂಡ ಕೂಡಲೇ ಓದುಗರು ನೆಟ್ಟಗೆ ಕೂರುತ್ತಾರೆ. ಆ ಗಾಂಭೀರ್ಯವನ್ನು ನೀವು ಎಂಥ ಕೆಲಸಕ್ಕೆ ಬಳಸಿದಿರಿ ಎಂಬುದನ್ನು ನಿಮ್ಮೆದುರು ಇಡಬೇಕಾಗಿದೆ.

ಈ ಪದ ಹಳೆಯದಲ್ಲ. ಪೋಲೆಂಡಿನ ಯಹೂದಿ ನ್ಯಾಯಶಾಸ್ತ್ರಜ್ಞ ರಫಾಯೆಲ್ ಲೆಮ್ಕಿನ್ 1944ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಇದನ್ನು ಹೊಸದಾಗಿ ಕಟ್ಟಿದರು. ಅರ್ಧ ಗ್ರೀಕ್, ಅರ್ಧ ಲ್ಯಾಟಿನ್. ನಾಜಿಗಳು ಅವರ ತಂದೆ ತಾಯಿಯನ್ನೂ ಬಂಧುಬಳಗದ ಬಹುತೇಕರನ್ನೂ ಕೊಂದಿದ್ದರು. ಯುದ್ಧ ಮುಗಿದ ಮೇಲೆ ಅವರು ವಿಶ್ವಸಂಸ್ಥೆಯ ಮೊಗಸಾಲೆಗಳಲ್ಲಿ ಪ್ರತಿನಿಧಿಗಳನ್ನು ಹಿಡಿದು ನಿಲ್ಲಿಸಿ ಕಾಡಿದರು, ಬೇಡಿದರು. 1948ರ ಡಿಸೆಂಬರ್ 9ರಂದು ಜೀನೊಸೈಡ್ ಒಪ್ಪಂದಕ್ಕೆ ಪ್ಯಾರಿಸ್‌ನಲ್ಲಿ ಅಂಗೀಕಾರ ಸಿಕ್ಕಿತು. ಅದರ ಮೊದಲ ವಿಧಿಯಲ್ಲೇ ರಾಷ್ಟ್ರಗಳು ಈ ಅಪರಾಧವನ್ನು ತಡೆಯುತ್ತೇವೆ, ಶಿಕ್ಷಿಸುತ್ತೇವೆ ಎಂದು ಒಪ್ಪಿಕೊಂಡಿವೆ. ತಡೆಯುವ ಮಾತು ಮೊದಲು ಬಂದಿದೆ, ಶಿಕ್ಷೆಯ ಮಾತು ಆಮೇಲೆ. ಲೆಮ್ಕಿನ್ ಈ ಪದ ಕಟ್ಟಿದ್ದೇ ಜನ ಕೇಳಿದೊಡನೆ ಎದ್ದು ಓಡಿಬರಲಿ ಎಂದು.

1994ರ ಏಪ್ರಿಲ್ 6ರ ರಾತ್ರಿ ರುವಾಂಡಾದ ಅಧ್ಯಕ್ಷ ಹಬ್ಯಾರಿಮಾನಾ ಅವರ ವಿಮಾನವನ್ನು ಕಿಗಾಲಿಯಲ್ಲಿ ಹೊಡೆದುರುಳಿಸಲಾಯಿತು. ಕೆಲವೇ ಗಂಟೆಗಳಲ್ಲಿ ರಸ್ತೆಗಳಿಗೆ ಅಡ್ಡಗಟ್ಟೆಗಳು ಬಿದ್ದವು. ಗುರುತಿನ ಚೀಟಿಯಲ್ಲಿ ಟುಟ್ಸಿ ಜನಾಂಗ ಎಂದಿದ್ದವರನ್ನು ಅಲ್ಲಲ್ಲೇ ಮಚ್ಚಿನಿಂದ ಕೊಚ್ಚಿದರು. ಯಾರನ್ನು ಹುಡುಕಿ ಕೊಲ್ಲಬೇಕೆಂದು ರೇಡಿಯೋ ಹೇಳುತ್ತಿತ್ತು. ನೂರು ದಿನಗಳಲ್ಲಿ ಸತ್ತವರು ಸುಮಾರು 8 ಲಕ್ಷ. ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ಮುಖ್ಯಸ್ಥ, ಕೆನಡಾದ ರೋಮಿಯೊ ಡಲೇರ್, ಆಯುಧಗಳನ್ನು ಬಚ್ಚಿಟ್ಟಿರುವ ಬಗ್ಗೆ, ಟುಟ್ಸಿಗಳ ಹೆಸರು ಪಟ್ಟಿ ಮಾಡುತ್ತಿರುವ ಬಗ್ಗೆ ಜನವರಿಯಲ್ಲೇ ನ್ಯೂಯಾರ್ಕ್‌ಗೆ ತಿಳಿಸಿದ್ದರು. ಕೊಲೆ ಶುರುವಾದ ಮೇಲೆ ಇನ್ನಷ್ಟು ಸೈನಿಕರನ್ನು ಕೇಳಿದರು. ಏಪ್ರಿಲ್ 21ರಂದು ಭದ್ರತಾ ಮಂಡಳಿ ಸುಮಾರು 2,500 ಜನರಿದ್ದ ಆ ಪಡೆಯನ್ನು 270ಕ್ಕೆ ಇಳಿಸಲು ತೀರ್ಮಾನಿಸಿತು. ತಿಂಗಳ ಕೊನೆಗೆ ಮಂಡಳಿಯ ಅಧ್ಯಕ್ಷರ ಹೇಳಿಕೆ ಹೊರಬಂತು. ಅದರಲ್ಲಿ ಆ ಪದ ಇರಲಿಲ್ಲ.

ಆ ದಿನಗಳ ವಾಷಿಂಗ್ಟನ್ನಿನ ಕಡತಗಳು ಈಗ ಬಹಿರಂಗವಾಗಿವೆ. ಮೇ 1ರ ರಕ್ಷಣಾ ಇಲಾಖೆಯ ಒಂದು ಟಿಪ್ಪಣಿ ಅಧಿಕಾರಿಗಳನ್ನು ಎಚ್ಚರಿಸುತ್ತದೆ: ಇದು ಜೀನೊಸೈಡ್ ಎಂದು ಒಪ್ಪಿಕೊಂಡರೆ ಸರ್ಕಾರ ನಿಜಕ್ಕೂ ಏನಾದರೂ ಮಾಡಬೇಕಾಗಿ ಬಂದೀತು. ಎಷ್ಟು ಸಲ ಓದಿದರೂ ನನ್ನ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಪದದ ಅರ್ಥ ತಿಳಿಯದವರು ಬರೆದ ಸಾಲಲ್ಲ ಅದು. ಚೆನ್ನಾಗಿ ತಿಳಿದವರೇ ಬರೆದದ್ದು.

ಜೂನ್ 10ರಂದು ಅಮೆರಿಕದ ವಿದೇಶಾಂಗ ಇಲಾಖೆಯ ವಕ್ತಾರೆ ಕ್ರಿಸ್ಟಿನ್ ಶೆಲ್ಲಿ, ರುವಾಂಡಾದಲ್ಲಿ ಜೀನೊಸೈಡಿನ ಕೃತ್ಯಗಳು ನಡೆದಿವೆ ಎಂದರು. ಜೀನೊಸೈಡ್ ನಡೆದಿದೆ ಎನ್ನಲಿಲ್ಲ. ರಾಯಿಟರ್ಸ್‌ನ ಅಲನ್ ಎಲ್ಸ್ನರ್ ಕೇಳಿದರು: ಅಂಥ ಎಷ್ಟು ಕೃತ್ಯಗಳು ಸೇರಿದರೆ ಒಂದು ಜೀನೊಸೈಡ್ ಆಗುತ್ತದೆ? ಅದಕ್ಕೆ ಉತ್ತರ ಹೇಳುವ ಸ್ಥಿತಿಯಲ್ಲಿ ತಾವಿಲ್ಲ ಎಂದರು ಶೆಲ್ಲಿ. ಅವರೊಬ್ಬರನ್ನೇ ದೂರುವುದು ಅನ್ಯಾಯ. ಆ ವಾಕ್ಯವನ್ನು ಅವರ ಕೈಗೆ ಬರೆದುಕೊಟ್ಟವರು ಯಾರೂ ಕ್ಯಾಮೆರಾ ಮುಂದೆ ಬರಲಿಲ್ಲ.

ಪದ ತುಂಬ ತೂಕದ್ದು, ಪುರಾವೆ ಬೇಕಾಗುತ್ತದೆ ಎನ್ನುತ್ತೀರಿ. ಆದರೆ ಹೆಣಗಳ ಹತ್ತಿರ ಇದ್ದವರಿಗೆ ಈ ತೊಡಕು ಇರಲಿಲ್ಲ. 1971ರ ಮಾರ್ಚ್ 28ರಂದು, ಪೂರ್ವ ಪಾಕಿಸ್ತಾನದಲ್ಲಿ, ಅಂದರೆ ಈಗಿನ ಬಾಂಗ್ಲಾದೇಶದಲ್ಲಿ, ಪಾಕಿಸ್ತಾನಿ ಸೇನೆಯ ದಾಳಿ ಶುರುವಾಗಿ ಮೂರನೆಯ ದಿನ, ಢಾಕಾದ ಅಮೆರಿಕನ್ ಕಾನ್ಸಲ್ ಜನರಲ್ ಆರ್ಚರ್ ಬ್ಲಡ್ ಈ ಪದವನ್ನೇ ಬಳಸಿ ತಮ್ಮ ಸರ್ಕಾರಕ್ಕೆ ತಂತಿ ಕಳಿಸಿದರು. ಅಮೆರಿಕದ ಅಧ್ಯಕ್ಷ ನಿಕ್ಸನ್ ಮತ್ತು ಅವರ ಸಲಹೆಗಾರ ಕಿಸಿಂಜರ್‌ಗೆ ಆಗ ಚೀನಾದ ಬಾಗಿಲು ತೆರೆಯಲು ಪಾಕಿಸ್ತಾನ ಬೇಕಿತ್ತು. ಬ್ಲಡ್ ಅವರನ್ನು ಢಾಕಾದಿಂದ ಹಿಂದಕ್ಕೆ ಕರೆಸಿಕೊಂಡರು. ಅದೇ ವರ್ಷ ಜೂನ್ 13ರಂದು ಲಂಡನ್ನಿನ ಸಂಡೇ ಟೈಮ್ಸ್ ಆಂಥನಿ ಮಸ್ಕರೇನ್ಹಸ್ ಅವರ ವರದಿಗೆ ಇದೊಂದೇ ಪದವನ್ನು ಶೀರ್ಷಿಕೆಯಾಗಿ ಕೊಟ್ಟಿತು. ನಮ್ಮ ಬೆಳಗಾವಿಯಲ್ಲಿ ಹುಟ್ಟಿ ಕರಾಚಿಯಲ್ಲಿ ಓದಿದ ಈ ಪತ್ರಕರ್ತನನ್ನು ಪಾಕಿಸ್ತಾನಿ ಸೇನೆಯೇ ತನ್ನ ಪರ ಬರೆಯಲಿ ಎಂದು ಕರೆದೊಯ್ದಿತ್ತು. ಕಂಡದ್ದನ್ನು ಬರೆಯಲು ಅವರು ಹೆಂಡತಿ ಮಕ್ಕಳನ್ನು ಮೊದಲು ಲಂಡನ್ನಿಗೆ ದಾಟಿಸಿ, ತಾವು ನೆಲದ ಹಾದಿಯಲ್ಲಿ ಗುಟ್ಟಾಗಿ ಅಫ್ಘಾನಿಸ್ತಾನದ ಗಡಿ ದಾಟಬೇಕಾಯಿತು. ಬೆಳಗಾವಿಯಲ್ಲಿ ಎಷ್ಟು ಮಂದಿಗೆ ಇವರ ಹೆಸರು ಗೊತ್ತು?

ರುವಾಂಡಾದ ನಾಚಿಕೆಯ ನಂತರವಾದರೂ ಬುದ್ಧಿ ಬಂತೇ? 2004ರ ಸೆಪ್ಟೆಂಬರ್ 9ರಂದು ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಕಾಲಿನ್ ಪೊವೆಲ್ ಸೆನೆಟ್ ಸಮಿತಿಯ ಮುಂದೆ ಸುಡಾನಿನ ಡಾರ್ಫರ್‌ನಲ್ಲಿ ಜೀನೊಸೈಡ್ ನಡೆದಿದೆ ಎಂದು ಸ್ಪಷ್ಟವಾಗಿ ಹೇಳಿದರು. ಅದರ ಬೆನ್ನಿಗೇ, ಹೀಗೆ ಹೇಳಿದ ಮಾತ್ರಕ್ಕೆ ಹೊಸದಾಗಿ ಏನೂ ಮಾಡಬೇಕಾಗಿಲ್ಲ ಎಂದೂ ಹೇಳಿದರು. ಹತ್ತು ವರ್ಷದ ಹಿಂದೆ ಏನೋ ಮಾಡಬೇಕಾದೀತೆಂದು ಹೆದರಿ ಬಾಯಿಗೆ ಬೀಗ ಹಾಕಿಕೊಂಡಿದ್ದ ಇಲಾಖೆಗೆ ಈಗ ಆ ಹೆದರಿಕೆಯೂ ಇರಲಿಲ್ಲ.

ಕಾನೂನು ನಿಮ್ಮನ್ನು ಕಾಯಲು ಹೇಳಿಯೇ ಇಲ್ಲ, ವಕ್ತಾರರೇ. ಸರ್ಬಿಯಾದ ವಿರುದ್ಧ ಬೋಸ್ನಿಯಾ ಹೂಡಿದ್ದ ಜೀನೊಸೈಡ್ ದಾವೆಯಲ್ಲಿ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ 2007ರ ಫೆಬ್ರುವರಿ 26ರಂದು ತೀರ್ಪು ಕೊಟ್ಟಿತು. ಜೀನೊಸೈಡ್ ನಡೆಯುವ ಗಂಭೀರ ಅಪಾಯವಿದೆ ಎಂದು ತಿಳಿದ ಕ್ಷಣದಿಂದಲೇ, ಅಥವಾ ತಿಳಿದಿರಬೇಕಾಗಿದ್ದ ಕ್ಷಣದಿಂದಲೇ, ತಡೆಯುವ ಹೊಣೆ ಶುರುವಾಗುತ್ತದೆ ಎಂದಿತು. ಕೊಲೆಗಾರರ ಉದ್ದೇಶ ಸಾಬೀತಾಗುವವರೆಗೆ ಕಾಯಬೇಕಿಲ್ಲ, ಅಂತಿಮ ತೀರ್ಪು ಬರುವವರೆಗೂ ಕಾಯಬೇಕಿಲ್ಲ. ಮ್ಯಾನ್ಮಾರಿನ ರೋಹಿಂಗ್ಯಾಗಳ ವಿಷಯದಲ್ಲಿ ಗ್ಯಾಂಬಿಯಾ 2019ರಲ್ಲಿ, ಗಾಜಾದ ವಿಷಯದಲ್ಲಿ ದಕ್ಷಿಣ ಆಫ್ರಿಕಾ 2023ರಲ್ಲಿ ಅದೇ ನ್ಯಾಯಾಲಯದ ಮೆಟ್ಟಿಲೇರಿದಾಗ ನ್ಯಾಯಾಧೀಶರು ಕೆಲವೇ ವಾರಗಳಲ್ಲಿ ಮಧ್ಯಂತರ ಆದೇಶ ಹೊರಡಿಸಿದ್ದೂ ಅಪಾಯವನ್ನು ನೋಡಿಯೇ. ಪದ ಸಲ್ಲುತ್ತದೋ ಇಲ್ಲವೋ ಎಂಬುದನ್ನು ಆಮೇಲಿನ ವಿಚಾರಣೆಗೆ ಬಿಟ್ಟರು.

ನಮ್ಮ ದೆಹಲಿಯ ವಕ್ತಾರರೂ ಇದನ್ನು ಓದಬೇಕು. ಭಾರತ 1959ರಲ್ಲೇ ಒಪ್ಪಂದವನ್ನು ಸ್ಥಿರೀಕರಿಸಿದೆ, ಆದರೆ ಅದಕ್ಕೆ ತಕ್ಕ ಪ್ರತ್ಯೇಕ ಕಾನೂನನ್ನು ಇಂದಿಗೂ ಮಾಡಿಲ್ಲ.

ನಿಮ್ಮೆದುರು ಕೂರುವ ಪತ್ರಕರ್ತರಲ್ಲೂ ಒಂದು ಕೋರಿಕೆಯಿದೆ. ಇದು ಜೀನೊಸೈಡೇ ಎಂದು ಕೇಳುವುದನ್ನು ಸ್ವಲ್ಪ ಕಾಲ ಬಿಡಿ. ಆ ಪ್ರಶ್ನೆಗೆ ಜಾರಿಕೊಳ್ಳುವ ಉತ್ತರಗಳು ಸಿದ್ಧವಾಗಿವೆ. ಈ ಊರಿನ ಜನರನ್ನು ಕೊಲ್ಲುತ್ತಿದ್ದಾರೆಂದು ನಿಮ್ಮ ಇಲಾಖೆಗೆ ಮೊದಲು ತಿಳಿದದ್ದು ಯಾವ ದಿನ, ಅದನ್ನು ಯಾರಿಗೆ ತಿಳಿಸಿದಿರಿ, ಕೊಲ್ಲುವವರಿಗೆ ಆಯುಧ ಮಾರುವುದನ್ನು ಯಾವ ದಿನ ನಿಲ್ಲಿಸಿದಿರಿ ಎಂದು ಕೇಳಿ. ಮಾನ್ಯರೇ, ಈ ಪ್ರಶ್ನೆಗಳಿಗೆ ತಾರೀಖು ಹಾಕಿ ಉತ್ತರ ಕೊಡಿ.

ಇಂತಿ,
ಒಬ್ಬ ಕನ್ನಡ ಓದುಗ