ತಟ್ಟೆಯಲ್ಲಿ ವಾರ್ಷಿಕ ವರದಿ

ಬ್ಯಾಂಕಿನವರ ವರ್ಷ ಮಾರ್ಚಿಗೆ ಮುಗಿಯುತ್ತದೆ. ಶಾಲೆಯವರದ್ದು ಏಪ್ರಿಲಿಗೆ. ನಮ್ಮ ಇಗರ್ಜಿಯ ವರ್ಷ ನವೆಂಬರ್ ಕೊನೆಯ ಹೊತ್ತಿಗೇ ಮುಗಿದು, ಆಗಮನ ಕಾಲದ ಮೊದಲ ಭಾನುವಾರ ನೇರಳೆ ಬಟ್ಟೆಯೊಂದಿಗೆ ಹೊಸದು ಶುರುವಾಗುತ್ತದೆ. ಆದರೆ ಮಂಗಳೂರು ಕಡೆಯ ಕ್ರೈಸ್ತರ ಮನೆಯ ವರ್ಷ ಮುಗಿಯುವುದು ಕುಸ್ವಾರ್ ತಟ್ಟೆ ನೆರೆಮನೆಯ ಜಗಲಿ ತಲುಪಿದ ಗಳಿಗೆಯಲ್ಲಿ. ಅಲ್ಲಿಯವರೆಗೆ ಏನನ್ನು ಬೇಕಾದರೂ ಮುಚ್ಚಿಡಬಹುದು. ತಟ್ಟೆಯ ಮೇಲಿನ ಬಟ್ಟೆ ಸರಿಸಿದ ಮೇಲೆ ಆಗುವುದಿಲ್ಲ.

ಕುಸ್ವಾರ್ ಎಂದರೆ ಕ್ರಿಸ್ಮಸ್ಸಿಗೆ ಮಾಡುವ ತಿಂಡಿಗಳ ಇಡೀ ಬಳಗ. ಮೈದಾ, ತೆಂಗಿನ ಹಾಲು ಕಲಸಿ ಸುರುಳಿ ಸುತ್ತಿ ಕರಿದ ಕಿಡಿಯೊ, ಎಳ್ಳು ಕೊಬ್ಬರಿ ಹೂರಣದ ನೆವ್ರ್ಯೊ, ಹೂವಿನ ಅಚ್ಚನ್ನು ಹಿಟ್ಟಿಗೆ ಅದ್ದಿ ಎಣ್ಣೆಗೆ ಬಿಡುವ ಕೊಕ್ಕಿಸ್, ಗುಳಿಯೊ, ತುಕ್ಡಿ, ಕುಚ್ಚಲಕ್ಕಿ ಹುರಿದು ಬೆಲ್ಲ ಹಾಕಿ ಕಟ್ಟಿದ ಲಾಡು, ಚಕ್ಲಿ, ಇವೆಲ್ಲದರ ನಡುವೆ ದೊಡ್ಡಮನುಷ್ಯನ ಗತ್ತಿನಲ್ಲಿ ಕೂತ ಒಂದು ತುಂಡು ಪ್ಲಮ್ ಕೇಕ್.

ಈ ತಟ್ಟೆಯನ್ನು ಓದಬಲ್ಲ ಹೆಂಗಸರು ನಮ್ಮಲ್ಲಿದ್ದಾರೆ. ಕಿಡಿಯೊ ಕಡಿಮೆ ಇದ್ದರೆ ಆ ಮನೆಯ ಮಕ್ಕಳು ಪರದೇಶಕ್ಕೆ ಹೋಗಿದ್ದಾರೆ. ಕಿಡಿಯೊ ಒತ್ತಲು ತುಂಬ ಬೆರಳು ಬೇಕು. ಕೊಕ್ಕಿಸ್ ಇಲ್ಲವೆಂದರೆ ಹಿಸ್ಸೆಯಾಗಿ ಅಚ್ಚು ನಾದಿನಿಯ ಪಾಲಿಗೆ ಹೋಗಿದೆ. ಲಾಡು ಒಡೆಯಲು ಗುಂಡುಕಲ್ಲು ಬೇಕಾದರೆ ಹೊಸ ಸೊಸೆ ಬಂದಿದ್ದಾಳೆ. ಎಲ್ಲ ತಿಂಡಿಯೂ ಒಂದೇ ಅಳತೆ, ಒಂದೇ ಬಣ್ಣ, ಕೆಳಗೆ ಬೇಕರಿಯ ಕಾಗದವಿದ್ದರೆ ಗಂಡ ಹೆಂಡತಿ ಇಬ್ಬರಿಗೂ ಒಳ್ಳೆಯ ಕೆಲಸವಿದೆ. ನಮ್ಮ ಮನೆಯ ತಟ್ಟೆ ಬಹಳ ವರ್ಷ ಈ ಕೊನೆಯ ಜಾತಿಯದ್ದಾಗಿತ್ತು. ಗಂಡ ಕುವೈತಿನಲ್ಲಿ, ನಾನು ಶಾಲೆಯಲ್ಲಿ, ಮಗ ಬೆಂಗಳೂರಿನಲ್ಲಿ. ಅತ್ತೆ ಮಾತ್ರ ಆ ಕಾಗದವನ್ನು ಕಿತ್ತೆಸೆದು, ಬಾಳೆಲೆ ಹಾಸಿ, ತಟ್ಟೆಗೆ ಸ್ವಲ್ಪ ಮರ್ಯಾದೆ ತರಲು ನೋಡುತ್ತಿದ್ದರು.

2025 ಬಂತು. ನನ್ನ ಗಂಡ ಕುವೈತಿನ ಕೆಲಸ ಮುಗಿಸಿ, ಪೆಟ್ಟಿಗೆ ಕಟ್ಟಿಕೊಂಡು ಬಂದುಬಿಟ್ಟರು. ಮಗನ ಕಂಪನಿ ಒಂದು ಮಧ್ಯಾಹ್ನ ವಿಡಿಯೋ ಮೀಟಿಂಗ್ ಕರೆದು, ನೀವೆಲ್ಲ ನಮ್ಮ ಕುಟುಂಬದವರು ಎಂದು ಹೇಳಿ, ಆ ಕುಟುಂಬದಿಂದ ಅವನನ್ನು ಹೊರಹಾಕಿತು. ಮೇ ಕೊನೆಗೆ ನನಗೆ ನಿವೃತ್ತಿ. ಶಾಲೆಯವರು ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು ರಿಕ್ಷಾ ಹತ್ತಿಸಿದರು. ಹೀಗೆ ವರ್ಷ ಅರ್ಧವಾಗುವಷ್ಟರಲ್ಲಿ ನಮ್ಮ ಮನೆಯಲ್ಲಿ ಕೆಲಸವಿದ್ದವರು ತೊಂಬತ್ತರ ಹತ್ತಿರದ ಅತ್ತೆ ಒಬ್ಬರೇ. ಹಿತ್ತಿಲಿನ ಅಬ್ಬಲಿಗೆಯಿಂದ ಹಿಡಿದು ತೇರ್ಸ್ ಎಂಬ ರಾತ್ರಿಯ ಜಪಮಾಲೆ ಪ್ರಾರ್ಥನೆಯವರೆಗೆ ಅವರ ಖಾತೆಗಳು.

ಕುವೈತಿನಲ್ಲಿ ನನ್ನ ಗಂಡ ಸ್ಟೋರ್ ಇನ್‌ಚಾರ್ಜ್. ಅಂಥವರಿಗೆ ನಿವೃತ್ತಿಯಾದರೂ ಸ್ಟೋರ್ ಬೇಕೇ ಬೇಕು. ನನ್ನ ಅಡುಗೆಮನೆಯ ಡಬ್ಬಗಳಿಗೆಲ್ಲ ಚೀಟಿ ಅಂಟಿತು. ಸಾಸಿವೆಗೆ ನಂಬರು, ಮೆಂತೆಗೆ ನಂಬರು. ಉದ್ದಿನ ಬೇಳೆ ತೆಗೆದರೆ ಪುಸ್ತಕದಲ್ಲಿ ಬರೆಯಬೇಕು. ಅತ್ತೆ ಇದನ್ನೆಲ್ಲ ಮೌನವಾಗಿ ನೋಡಿ ಒಂದು ದಿನ ಕೇಳಿದರು: "ಬಾಯೆ, ಇವನನ್ನು ಇನ್ನೆರಡು ವರ್ಷ ಇಟ್ಟುಕೊಳ್ಳಲು ಕುವೈತಿನವರಿಗೆ ಎಂತ ಆಗಿತ್ತು?"

ಆ ನಡುವೆ ರೋಮಿನಲ್ಲೂ ಒಂದು ಹುದ್ದೆ ಖಾಲಿಯಾಯಿತು. ಈಸ್ಟರ್ ಮರುದಿನ, ಏಪ್ರಿಲ್ 21ರಂದು ಪೋಪ್ ಫ್ರಾನ್ಸಿಸ್ ತೀರಿಕೊಂಡರು. ಅತ್ತೆ ಅತ್ತರು, ಬಡವರ ಕಡೆಯ ಮನುಷ್ಯ ಎಂದು ಅವರಿಗೆ ಪ್ರೀತಿ. ಮೇ 7ಕ್ಕೆ ಮುಂದಿನವರನ್ನು ಆರಿಸಲು ಕಾರ್ಡಿನಲರು ಬಾಗಿಲು ಹಾಕಿಕೊಂಡು ಕೂತಾಗ ನಾವು ಟೀವಿ ಮುಂದೆ ಕೂತೆವು. ಮೊದಲು ಬಂದದ್ದು ಕಪ್ಪು ಹೊಗೆ. ಹಂಚಿನ ಕಾರ್ಖಾನೆಯ ಚಿಮಣಿ ನೋಡುತ್ತ ಬೆಳೆದ ಅತ್ತೆ ಕೂಡಲೇ ಕಾರಣ ಹೇಳಿದರು: "ಕಟ್ಟಿಗೆ ಹಸಿ." ಅದು ಮತಪತ್ರ ಸುಡುವ ಹೊಗೆ, ಹಿಂದೆಲ್ಲ ನಿಜವಾಗಿಯೂ ಹಸಿ ಹುಲ್ಲು ಹಾಕುತ್ತಿದ್ದರಂತೆ, ಈಗ ರಾಸಾಯನಿಕ ಹಾಕುತ್ತಾರೆ ಎಂದು ಮಗ ವಿವರಿಸಿದ. "ಅದೇ ಹೇಳಿದ್ದು ನಾನು" ಎಂದರು ಅತ್ತೆ. ಮರುದಿನ ರಾತ್ರಿ ಒಂಬತ್ತೂವರೆ ದಾಟಿದ ಮೇಲೆ ಬಿಳಿ ಹೊಗೆ ಬಂತು. ಹೊಸಬರು ಅಮೆರಿಕದಲ್ಲಿ ಹುಟ್ಟಿ ಪೆರುವಿನಲ್ಲಿ ದುಡಿದವರು, ಹೆಸರು ಹದಿನಾಲ್ಕನೆಯ ಲಿಯೋ, ವಯಸ್ಸು 69. ಆ ಕೊನೆಯ ಸಂಗತಿ ಕೇಳಬಾರದಿತ್ತು. ಅತ್ತೆ ತಿರುಗಿ, ಸೋಫಾದ ಮೇಲೆ ಸಾಲಾಗಿ ಕೂತಿದ್ದ ನಮ್ಮ ಮೂವರನ್ನೂ ನೋಡಿದರು.

"ಪಾಪ್ ಸಾಯ್ಬರಿಗೆ ಅರವತ್ತೊಂಬತ್ತಕ್ಕೆ ಹೊಸ ಕೆಲಸ ಸಿಕ್ಕಿತು. ನಿಮಗೆಲ್ಲ ಎಂತ ದಾಡಿ?"

ವಿಶ್ವಾಸದ ವಿಷಯಕ್ಕೆ ಬಂದರೆ ನಮ್ಮದು ದೊಡ್ಡ ಮಾತಿನ ವಿಶ್ವಾಸ ಅಲ್ಲ. ರಾತ್ರಿ ಎಂಟಕ್ಕೆ ಮೊಣಕಾಲೂರುವ ವಿಶ್ವಾಸ, ಅದೂ ಗಂಟುನೋವಿನವರಿಗೆ ಕುರ್ಚಿಯ ವಿನಾಯಿತಿಯೊಂದಿಗೆ. ಜುಬಿಲಿ ವರ್ಷವೆಂದು ಇಗರ್ಜಿಯ ಬಾಗಿಲಿಗೆ 'ಭರವಸೆಯ ಯಾತ್ರಿಕರು' ಎಂಬ ಬ್ಯಾನರ್ ಕಟ್ಟಿದ್ದರು. ಬಸ್‌ಸ್ಟಾಂಡಿಗೆ ದಾರಿ ಅದೇ ಆದ್ದರಿಂದ ಮಗ ಪ್ರತಿ ಸಂದರ್ಶನಕ್ಕೂ ಅದರ ಮುಂದೆಯೇ ಹೋಗಿ, ಅದರ ಮುಂದೆಯೇ ಬರುತ್ತಿದ್ದ. ಮನೆಯಲ್ಲಿ ಅತ್ತೆ ತೇರ್ಸಿನ ಕೊನೆಗೆ ಅವನಿಗಾಗಿ ಒಂದು ಪ್ರಾರ್ಥನೆ ಸೇರಿಸಿದರು. ದೇವರಿಗೆ ಗೊಂದಲವಾಗಬಾರದೆಂದು ವಿವರವನ್ನೂ ಕೊಡುತ್ತಿದ್ದರು: ಹುಡುಗನಿಗೆ ಹತ್ತಿರದಲ್ಲೇ ಕೆಲಸ ಸಿಗಲಿ, ರಾತ್ರಿ ಪಾಳಿ ಬೇಡ. ಅಕ್ಟೋಬರಿನಲ್ಲಿ ಸಿಕ್ಕಿತು. ಅಮೆರಿಕದ ಕಂಪನಿ, ಮನೆಯಲ್ಲೇ ಕೂತು ಮಾಡುವ ಕೆಲಸ, ಪೂರ್ತಿ ರಾತ್ರಿ ಪಾಳಿ. 'ಹತ್ತಿರ' ಎಂಬುದು ದೇವರಿಗೆ ಕೇಳಿಸಿದೆ. ಮುಂದಿನದು ಕೇಳಿಸಿಲ್ಲ, ಏಕೆಂದರೆ ಆ ಹೊತ್ತಿಗೆ ಕುರ್ಚಿಯಲ್ಲಿ ನನ್ನ ಗಂಡನ ಗೊರಕೆ ಶುರುವಾಗಿರುತ್ತಿತ್ತು.

ಡಿಸೆಂಬರ್ ಬಂದಾಗ ಅತ್ತೆ ಮನೆಯ ಮಾನವ ಸಂಪನ್ಮೂಲವನ್ನು ಒಮ್ಮೆ ಲೆಕ್ಕ ಹಾಕಿದರು. ನಿವೃತ್ತರು ಇಬ್ಬರು, ಹಗಲು ಬಿಡುವಿರುವವನು ಒಬ್ಬ. "ಈ ವರ್ಷ ಬೇಕರಿ ಇಲ್ಲ."

ಮೊದಲ ತಕರಾರು ಎಣ್ಣೆಯದ್ದು. ಕುಸ್ವಾರ್ ಕರಿಯುವುದು ತೆಂಗಿನೆಣ್ಣೆಯಲ್ಲಿ. ಆ ಎಣ್ಣೆಯೋ ಆ ವರ್ಷ ಲೀಟರಿಗೆ ನಾನೂರು ದಾಟಿ ಮೆರೆದಿತ್ತು. ಸ್ಟೋರ್ ಇನ್‌ಚಾರ್ಜ್ ಸೂರ್ಯಕಾಂತಿ ಎಣ್ಣೆಯ ಪ್ರಸ್ತಾಪ ಮಂಡಿಸಿದರು. ಅತ್ತೆ ಉತ್ತರ ಕೊಡಲಿಲ್ಲ, ಶಿಲುಬೆ ಗುರುತು ಮಾತ್ರ ಹಾಕಿಕೊಂಡರು. ಗಂಡ ಪಟ್ಟು ಬಿಡದೆ, ಸೆಪ್ಟೆಂಬರ್ 22ರಿಂದ ತುಪ್ಪದ ಜಿಎಸ್‌ಟಿ 12ರಿಂದ 5ಕ್ಕೆ ಇಳಿದಿದೆ ಎಂಬ ಮಾಹಿತಿಯನ್ನೂ ಒದಗಿಸಿದರು. "ಹಾಗಾದರೆ ಲಾಡಿಗೆ ತುಪ್ಪ ಜಾಸ್ತಿ ಹಾಕುವ, ಕರಿಯುವುದು ತೆಂಗಿನೆಣ್ಣೆಯಲ್ಲೇ" ಎಂದರು ಅತ್ತೆ. ಉಳಿತಾಯದ ಸಲಹೆಯಿಂದ ಖರ್ಚು ಹೆಚ್ಚಾದದ್ದನ್ನು ಗಂಡ ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ಬರೆದರು.

ಕಿಡಿಯೊಗೆ ಮೈಮೇಲೆ ಗೆರೆ ಬೀಳಬೇಕು. ಅದಕ್ಕೆ ಕೆಲವರು ಫೋರ್ಕ್ ಹಿಡಿಯುತ್ತಾರೆ, ಹಳಬರು ಹೊಸ ಬಾಚಣಿಗೆಯ ಮೇಲೆ ಒತ್ತುತ್ತಾರೆ. ತಲೆಯಲ್ಲಿ ಒಂದು ಕೂದಲೂ ಉಳಿಯದ ನನ್ನ ಗಂಡ ಫ್ಯಾನ್ಸಿ ಅಂಗಡಿಗೆ ಹೋಗಿ ಬಾಚಣಿಗೆ ಕೇಳಿದಾಗ ಅಂಗಡಿಯವ ಬಹಳ ಗೌರವದಿಂದ ನಡೆದುಕೊಂಡನಂತೆ. ಆಮೇಲೆ ಮಧ್ಯಾಹ್ನಗಳಲ್ಲಿ ಅಡುಗೆಮನೆಯ ನೆಲದ ಮೇಲೆ ಚಾಪೆ ಹಾಸಿ ಕೂತೆವು. ಮಗನ ಕಿಡಿಯೊ ಎಲ್ಲ ಒಂದೇ ಅಳತೆ. ಬೇಕರಿಯದ್ದರಂತೆ ಕಾಣುತ್ತದೆ ಎಂದು ಅತ್ತೆ ಅವನಿಗೆ ಸ್ವಲ್ಪ ಕೆಡಿಸಲು ಹೇಳಿದರು. ಗಂಡನದ್ದಕ್ಕೆ ಆ ಸೂಚನೆ ಬೇಕಾಗಲಿಲ್ಲ. ಒತ್ತುತ್ತ ಒತ್ತುತ್ತ ಮಗ, ಕೆಲಸ ಹೋದ ಮೇಲಿನ ತಿಂಗಳುಗಳಲ್ಲಿ ಬೆಂಗಳೂರಿನ ಕೋಣೆಯ ಬಾಡಿಗೆಗೆ ಯಾರ ಯಾರ ಹತ್ತಿರ ಸಾಲ ಮಾಡಿದೆ ಎಂಬುದನ್ನು ಹೇಳಿದ. ಫೋನಿನಲ್ಲಿ ಒಮ್ಮೆಯೂ ಹೇಳಿರಲಿಲ್ಲ. ಕೈಗೆ ಹಿಟ್ಟು ಮೆತ್ತಿದ್ದರೆ ಎದ್ದು ಹೋಗಲು ಆಗುವುದಿಲ್ಲವಲ್ಲ, ಕೇಳಿದವರಿಗೂ ಹೇಳಿದವನಿಗೂ.

ನಡುರಾತ್ರಿಯ ಪೂಜೆ ನಮ್ಮಲ್ಲಿ ಈಗ ಸಂಜೆ ಏಳೂವರೆಗೆ. ಹತ್ತರ ಮೇಲೆ ಧ್ವನಿವರ್ಧಕ ಹಾಕುವುದು ಕಷ್ಟ, ಚಳಿಯಲ್ಲಿ ಮುದುಕರಿಗೂ ಕಷ್ಟ, ನನಗೇನೂ ಬೇಸರವಿಲ್ಲ. ಬೇಸರ ಅತ್ತೆಗೆ. ಪೂಜೆ ಏಳೂವರೆಗಾದರೂ ಮನೆಯ ಗೋದಲಿಯಲ್ಲಿ ಬಾಲಯೇಸುವನ್ನು ಮಲಗಿಸುವುದು ಹನ್ನೆರಡಕ್ಕೇ ಎಂದು ಅವರ ಕಟ್ಟಪ್ಪಣೆ. ಹತ್ತೂವರೆಗೆ ಅಪ್ಪಣೆ ಕೊಟ್ಟವರೂ ಮಲಗಿದರು, ಪಾಲಿಸಬೇಕಾದವರೂ ಮಲಗಿದರು. ಎಚ್ಚರವಿದ್ದವನು ಮಗ ಒಬ್ಬನೇ. ಹನ್ನೆರಡಕ್ಕೆ ಅಮೆರಿಕದವರ ಮೀಟಿಂಗನ್ನು ಮ್ಯೂಟ್ ಮಾಡಿ, ಕಿವಿಯಲ್ಲಿ ಹೆಡ್‌ಫೋನ್ ಇದ್ದ ಹಾಗೆಯೇ ಬಂದು, ಮೆಂತೆ ಮೊಳಕೆಯ ಗದ್ದೆ ದಾಟಿಸಿ ಮಗುವನ್ನು ಹುಲ್ಲಿನ ಮೇಲೆ ಮಲಗಿಸಿ ಹೋದನಂತೆ. ಲೂಕನ ಸುವಾರ್ತೆಯಲ್ಲೂ ದೇವದೂತ ಸುದ್ದಿ ಹೇಳಿದ್ದು ರಾತ್ರಿ ಕುರಿ ಕಾಯುತ್ತಿದ್ದ ಕುರುಬರಿಗೆ, ಎಂದರೆ ನೈಟ್ ಶಿಫ್ಟಿನವರಿಗೆ. ಬೆಳಿಗ್ಗೆ ಇದನ್ನು ಹೇಳಿದಾಗ ಅತ್ತೆಗೆ, ಪ್ರಾರ್ಥನೆಯ ದ್ವಿತೀಯಾರ್ಧ ದೇವರಿಗೆ ಕೇಳಿಸದೆ ಹೋದದ್ದರ ಬಗ್ಗೆ ಸ್ವಲ್ಪ ಸಮಾಧಾನವಾಯಿತು.

ಸಾನ್ನಾಂ, ಹಂದಿ ಬಾಫಾತ್ ಊಟ ಮುಗಿಸಿ ತಟ್ಟೆ ಹಂಚಲು ಹೊರಟೆ. ಭಟ್ಟರ ಮನೆಗೆ ಮೊಟ್ಟೆ ತಾಗದ ತಟ್ಟೆ ಬೇರೆ. ಆ ಮನೆಯ ಅಮ್ಮ ಬಟ್ಟೆ ಸರಿಸಿದರು, ನೋಡಿದರು, ದನಿ ತಗ್ಗಿಸಿದರು. "ಎಲ್ಲ ಮನೆಯಲ್ಲೇ ಮಾಡಿದ್ದಾ ಟೀಚರ್? ಅಯ್ಯೋ. ಮತ್ತೆ ಎಲ್ಲ ಸರಿ ಉಂಟಲ್ಲ?" ಮುಂದಿನದು ಬ್ಯಾರಿಗಳ ಮನೆ, ಪ್ರತಿ ಈದಿಗೆ ನಮಗೆ ಬಿರಿಯಾನಿ ಕಳಿಸುವವರು. ಅಲ್ಲಿನ ತಾಯಿ ಕಿಡಿಯೊ ಒಂದನ್ನು ಬಾಯಿಗೆ ಹಾಕಿಕೊಂಡು, "ಮಗನ ವಿಷಯ ನಮ್ಮ ಅಳಿಯನ ಆಫೀಸಿನಲ್ಲಿ ಕೇಳಿಸಿ ನೋಡುವಾ?" ಎಂದರು. ನಾನು ಬಾಯಿ ಬಿಟ್ಟಿರಲಿಲ್ಲ. ತಟ್ಟೆಯೇ ಹೇಳಿತ್ತು.

ಮನೆಗೆ ಬಂದಾಗ ಗಂಡನ ದಾಯಾದಿಗಳಿಂದ ತಟ್ಟೆ ಬಂದಿತ್ತು. ಎಲ್ಲ ಒಂದೇ ಬಣ್ಣ, ಕೆಳಗೆ ಬೇಕರಿ ಕಾಗದ. ಅತ್ತೆ ಮುಚ್ಚಿಟ್ಟು ನಿಟ್ಟುಸಿರು ಬಿಟ್ಟರು: "ಪಾಪ, ಅವರಿಗೆ ಒಳ್ಳೆಯ ವರ್ಷ."

ಕೊನೆಗೊಂದು ಪ್ರಕಟಣೆ, ಸ್ಟೋರ್ ಇನ್‌ಚಾರ್ಜರ ಒತ್ತಾಯದ ಮೇರೆಗೆ. ಪುಸ್ತಕದ ಪ್ರಕಾರ ಹೊರಹೋದ ಸ್ಟೀಲ್ ಡಬ್ಬಗಳಲ್ಲಿ ಕೆಲವು ಇನ್ನೂ ವಾಪಸಾಗಿಲ್ಲ. ಮುಚ್ಚಳದ ಒಳಗೆ ಅತ್ತೆಯ ಹೆಸರು ಕೊರೆದಿದೆ. ಸಿಕ್ಕಿದವರು ದಯವಿಟ್ಟು ಕಳಿಸಿಕೊಡಿ. ಖಾಲಿ ಡಬ್ಬ ಕಳಿಸಬಾರದೆಂಬ ಪದ್ಧತಿ ಇರುವವರು ಒಂದು ಹಿಡಿ ಸಕ್ಕರೆ ಹಾಕಿದರೆ ಸಾಕು. ಚಕ್ಲಿ ಮಾತ್ರ ಬೇಡ, ನಮ್ಮದೇ ಇನ್ನೂ ಮುಗಿದಿಲ್ಲ.