ಔಷಧಚೀಟಿಯ ಸೂತ್ರಗಳಿಗೆ ಒಂದು ಕಿರುಭಾಷ್ಯ

ಅಲ್ಪಾಕ್ಷರತ್ವವು ಸೂತ್ರದ ಮೊದಲನೆಯ ಲಕ್ಷಣವೆಂದೂ ಅಸಂದಿಗ್ಧತೆಯು ಎರಡನೆಯದೆಂದೂ ಪೂರ್ವಾಚಾರ್ಯರು ವಿಧಿಸಿರುವರಷ್ಟೆ. ಇವುಗಳಲ್ಲಿ ಮೊದಲನೆಯದನ್ನು ಪರಾಕಾಷ್ಠೆಗೆ ಮುಟ್ಟಿಸಿ ಎರಡನೆಯದನ್ನು ನಿಶ್ಶೇಷವಾಗಿ ಪರಿತ್ಯಜಿಸಿದ ವಾಙ್ಮಯವೊಂದು ನಮ್ಮ ಬೀದಿಯ ಕೊನೆಯ ದವಾಖಾನೆಯಲ್ಲಿಯೇ ಪ್ರತಿನಿತ್ಯ ಸಾಯಂಕಾಲ ಆರರಿಂದ ಒಂಬತ್ತರ ವರೆಗೆ ರಚಿತವಾಗುತ್ತಿದ್ದರೂ ವಿದ್ವಜ್ಜನರು ಅದರ ಕಡೆಗೆ ಕಣ್ಣೆತ್ತಿಯೂ ನೋಡದಿರುವುದು ಶೋಚನೀಯ. ವೈದ್ಯರು ಬರೆದುಕೊಡುವ ಔಷಧಚೀಟಿಯೇ ಆ ವಾಙ್ಮಯ. ಪಾಣಿನಿಯ ಸುಮಾರು 4000 ಸೂತ್ರಗಳಿಗೆ ಕಾತ್ಯಾಯನನ ವಾರ್ತಿಕವೂ ಪತಂಜಲಿಯ ಮಹಾಭಾಷ್ಯವೂ ದೊರೆತುವು. ಚೀಟಿಸೂತ್ರಗಳಿಗಾದರೋ ಔಷಧದಂಗಡಿಯ ಹುಡುಗನ ಬಾಯಿಮಾತಿನ ವ್ಯಾಖ್ಯಾನವೊಂದೇ ಗತಿ. ಈ ಕೊರತೆಯನ್ನು ನೀಗುವುದೇ ಪ್ರಕೃತ ಗ್ರಂಥದ ಪ್ರಯೋಜನ, ಚೀಟಿಯೇ ವಿಷಯ, ಮೂರು ದಿನಗಳ ಜ್ವರವುಳ್ಳವನೇ ಅಧಿಕಾರಿ, ಕಾಯಿಲೆಗೂ ಚೀಟಿಗೂ ಇರುವ ಸಂಬಂಧವು ಕೆಲವೊಮ್ಮೆ ಅನಿರ್ವಚನೀಯ.

ಮೊದಲಿಗೆ ಮಂಗಳಾಚರಣೆ. ಚೀಟಿಯ ಎಡಮೂಲೆಯಲ್ಲಿ, ಚಾಚಿದ ಕಾಲಿಗೆ ಅಡ್ಡಗೆರೆ ಎಳೆಸಿಕೊಂಡು ನಿಂತಿರುವ ‘ಆರ್’ ಅಕ್ಷರವು ಗುರುಗ್ರಹದ ಚಿಹ್ನೆಯೆಂದೂ ಆದುದರಿಂದ ಅದು ಗುರುವಂದನೆಯೆಂದೂ ಹೇಳುವ ಪಕ್ಷವೊಂದುಂಟು. ಅದು ರಮಣೀಯವೇ ಹೊರತು ಗ್ರಾಹ್ಯವಲ್ಲ. ‘ರೆಕಿಪೆ’ ಎಂಬ ಲ್ಯಾಟಿನ್ ಕ್ರಿಯಾಪದದ ಸಂಕ್ಷೇಪವದು, ‘ತೆಗೆದುಕೋ’ ಎಂದರ್ಥ, ವಿಧ್ಯರ್ಥ, ಮಧ್ಯಮಪುರುಷ, ಏಕವಚನ. ಎಪ್ಪತ್ತು ವರ್ಷದ ಯಜಮಾನರಿಗೂ ಏಕವಚನವೇ ಎಂದು ಯಾರೂ ಮುನಿಯತಕ್ಕುದಲ್ಲ. ಏಕೆಂದರೆ ಆ ಅಪ್ಪಣೆಯು ರೋಗಿಗಿತ್ತುದಲ್ಲ, ಇಂತಿಂತಹ ದ್ರವ್ಯಗಳನ್ನು ಇಂತಿಷ್ಟು ತೆಗೆದುಕೊಂಡು ಕೂಡಿಸೆಂದು ಔಷಧ ಸಿದ್ಧಪಡಿಸುವವನಿಗೆ ಇತ್ತುದು. ತನ್ನ ಕೈಯಲ್ಲಿರುವ ಕಾಗದವು ತನಗೆ ಬರೆದುದಲ್ಲವೆಂಬುದನ್ನು ರೋಗಿಯು ಮಂಗಳಶ್ಲೋಕದಲ್ಲಿಯೇ ಅರಿತುಕೊಳ್ಳಬೇಕು.

ಇನ್ನು ಕಾಲಾಧಿಕರಣ. ದಿನಕ್ಕೆ ಎರಡಾವರ್ತಿ ಬಿ.ಡಿ., ಮೂರಾವರ್ತಿ ಟಿ.ಡಿ.ಎಸ್., ನಾಲ್ಕಾವರ್ತಿ ಕ್ಯೂ.ಐ.ಡಿ. ಇವುಗಳೊಳಗೆ ಅಡಗಿರುವ ‘ಬಿಸ್’, ‘ತೆರ್’, ‘ಕ್ವಾತೆರ್’ ಎಂಬ ಲ್ಯಾಟಿನ್ ಪದಗಳು ಸಂಸ್ಕೃತದ ‘ದ್ವಿಃ’, ‘ತ್ರಿಃ’, ‘ಚತುಃ’ ಎಂಬವುಗಳ ದಾಯಾದಿಗಳು. ಮಲಗುವ ವೇಳೆಯನ್ನು ಸೂಚಿಸುವ ಎಚ್.ಎಸ್. ಅನ್ನು ಬಿಡಿಸಿದರೆ ‘ಹೋರಾ ಸೋಮ್ನಿ’ ಎಂದಾಗುವುದು; ಸೋಮ್ನಿಯು ನಮ್ಮ ‘ಸ್ವಪ್ನ’ದ ಒಡಹುಟ್ಟು; ಹೋರೆಯು ಗ್ರೀಸಿನಿಂದ ಹೊರಟು ಒಂದು ಕಡೆ ರೋಮಿಗೂ ಮತ್ತೊಂದು ಕಡೆ ನಮ್ಮ ಜೋಯಿಸರ ಪಂಚಾಂಗಕ್ಕೂ ನಡೆದುಹೋದ ಪದ. ಹೀಗಿರಲಾಗಿ, ನಿದ್ರೆಯ ಗುಳಿಗೆ ನುಂಗುವ ಹಿರಿಯರು ತಾವರಿಯದೆಯೇ ಹೋರಾಶಾಸ್ತ್ರವನ್ನು ಪಾಲಿಸುತ್ತಿರುವರು.

ಸಂದೇಹಕ್ಕೆ ಎಡೆಯಿರುವುದು ಓ.ಡಿ.ಯಲ್ಲಿ. ‘ದಿನಕ್ಕೊಮ್ಮೆ’ ಎಂಬುದು ಉತ್ಸರ್ಗ. ಕಣ್ಣಿನ ವೈದ್ಯರಲ್ಲಿ ಅಪವಾದ: ಅವರಿಗೆ ಅದು ‘ಓಕುಲುಸ್ ದೆಕ್ಸ್ತೆರ್’, ಅಂದರೆ ಬಲಗಣ್ಣು, ‘ಅಕ್ಷಿ’, ‘ದಕ್ಷಿಣ’ಗಳ ನೆಂಟಸ್ತಿಕೆಯನ್ನು ಇಲ್ಲಿಯೂ ಕಾಣಬಹುದು. ತುರ್ತುಚಿಕಿತ್ಸೆಯ ಕೊಠಡಿಯಲ್ಲಿ ಅದೇ ‘ಓವರ್‌ಡೋಸ್’, ಮಿತಿಮೀರಿ ನುಂಗಿದ್ದು. ರಾಮಾಯಣ ಭಾರತಗಳೆರಡನ್ನೂ ಒಂದೇ ಕಾವ್ಯದಲ್ಲಿ ಹೇಳಿ ಮುಗಿಸಿದ ದ್ವಿಸಂಧಾನದ ಧನಂಜಯನು, ಕಾಲ, ಅಂಗ, ಅಪಘಾತ ಈ ಮೂರನ್ನೂ ಎರಡೇ ಅಕ್ಷರಗಳಲ್ಲಿ ಅಡಗಿಸಿದ ಈ ತ್ರಿಸಂಧಾನದ ಮುಂದೆ ತಲೆಬಾಗಲೇಬೇಕು.

ಎ.ಸಿ., ಪಿ.ಸಿ.ಗಳ ವಿಷಯದಲ್ಲಿ ಪೂರ್ವಪಕ್ಷಿಯು ಹೀಗೆನ್ನುವನು: “ಮೊದಲನೆಯದು ಅಸಿಸ್ಟೆಂಟ್ ಕಮಿಷನರು, ಎರಡನೆಯದು ಪೊಲೀಸ್ ಕಾನ್‌ಸ್ಟೇಬಲ್ಲು; ಇದು ಆಬಾಲವೃದ್ಧರಿಗೂ ಗೊತ್ತು.” ಅದು ಸಲ್ಲದು. ‘ಆಂತೆ ಕಿಬುಮ್’ ಊಟಕ್ಕೆ ಮುಂಚೆ, ‘ಪೋಸ್ತ್ ಕಿಬುಮ್’ ಊಟದ ತರುವಾಯ, ಎಂಬುದೇ ಸಿದ್ಧಾಂತ. ಆದರೂ ಸರ್ಕಾರಿ ಸಮಾರಂಭದ ಭೋಜನದಲ್ಲಿ ಮೊದಲ ಪಂಕ್ತಿ ಯಾರದು, ಎಲೆ ಎತ್ತಿದ ಮೇಲಿನ ಪಂಕ್ತಿ ಯಾರದು ಎಂಬುದನ್ನು ಕಣ್ಣಾರೆ ಕಂಡವರಿಗೆ ಎರಡು ಪಕ್ಷಗಳಿಗೂ ವಿರೋಧವೇ ತೋರದು. ಎಸ್.ಓ.ಎಸ್. ಕಂಡು ಗಾಬರಿಯಾಗುವುದೂ ಅನಾವಶ್ಯಕ. 1906ರ ಬರ್ಲಿನ್ ಸಮ್ಮೇಳನವು ಮುಳುಗುವ ಹಡಗುಗಳಿಗೆಂದು ಅಂಗೀಕರಿಸಿದ ಸಂಕೇತಕ್ಕೆ ಬಿಡಿಸಬಹುದಾದ ವಾಕ್ಯವೇ ಇಲ್ಲ. ಚೀಟಿಯದಕ್ಕೆ ಉಂಟು: ‘ಸಿ ಓಪುಸ್ ಸಿತ್’, ಬೇಕೆನಿಸಿದರೆ ಮಾತ್ರ.

ಲ್ಯಾಟಿನ್ನನ್ನು ತೊರೆದು 1-0-1 ಎಂದು ಬರೆಯುವ ವೈದ್ಯರನ್ನು ನವ್ಯರೆಂದು ಬಗೆಯುವುದು ಪ್ರಮಾದ. ಅವರು ಛಂದಶ್ಶಾಸ್ತ್ರಕಾರನಾದ ಪಿಂಗಳನ ಸಂಪ್ರದಾಯದವರು. ಒಂದನ್ನು ಗುರುವೆಂದೂ ಸೊನ್ನೆಯನ್ನು ಲಘುವೆಂದೂ ಎಣಿಸಿದರೆ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಂಬ ಮೂರು ಸ್ಥಾನಗಳಲ್ಲಿ ಎಂಟೇ ಎಂಟು ಗಣಗಳು ಹುಟ್ಟುವುವು. 1-1-1 ಮಗಣ, 1-0-1 ರಗಣ, 0-1-0 ಜಗಣ, ರಾತ್ರಿ ಮಾತ್ರ ಸೇವಿಸುವುದು ಸಗಣ. ಸರ್ವಲಘುವಾದ ನಗಣವನ್ನು ಪಡೆದವನು ಪೂರ್ಣಾರೋಗ್ಯವಂತನೋ ಅಥವಾ ದಿವಂಗತನೋ ಎಂಬುದನ್ನು ಛಂದಸ್ಸು ಹೇಳದು. ಇದಕ್ಕೆಲ್ಲ ಬಲವತ್ತರವಾದ ಪ್ರಮಾಣವೆಂದರೆ, ಉಚ್ಚಾರಣೆಯ ಕಾಲವನ್ನಳೆಯುವ ಮಾನಕ್ಕೂ ನುಂಗುವ ಗುಳಿಗೆಗೂ ಕನ್ನಡದಲ್ಲಿ ಹೆಸರೊಂದೇ: ಮಾತ್ರೆ.

ಉಕ್ತ, ಅನುಕ್ತ, ದುರುಕ್ತಗಳನ್ನು ವಿಮರ್ಶಿಸುವುದು ವಾರ್ತಿಕಕಾರನ ಕೆಲಸ. ಅಮೆರಿಕದ ಆಸ್ಪತ್ರೆಗಳಿಗೆ ಮಾನ್ಯತೆ ನೀಡುವ ಜಾಯಿಂಟ್ ಕಮಿಷನ್ 2004ರಲ್ಲಿ ಬಳಸಕೂಡದ ಸಂಕ್ಷೇಪಗಳ ಪಟ್ಟಿಯೊಂದನ್ನು ಹೊರಡಿಸಿತು. ಯೂನಿಟ್ಟಿಗೆ ಬದಲಾಗಿ ಬರೆಯುವ ‘ಯು’ ಅಕ್ಷರದ ಬಾಯಿ ತುಸು ಮುಚ್ಚಿಕೊಂಡರೂ ಅದು ಸೊನ್ನೆಯಾಗಿ, 4 ಯೂನಿಟ್ ಇನ್ಸುಲಿನ್ 40 ಆಗುವುದು, 1.0 ಎಂಬಲ್ಲಿಯ ಬಿಂದುವು ಮಾಸಿದರೆ ಒಂದು ಹತ್ತಾಗುವುದು. ನಮ್ಮಲ್ಲಿಯೂ ಭಾರತೀಯ ವೈದ್ಯಕೀಯ ಪರಿಷತ್ತು 2016ರಲ್ಲಿ, ಔಷಧದ ಮೂಲನಾಮವನ್ನು ಓದಲು ಬರುವಂತೆ, ಆದಷ್ಟು ಮಟ್ಟಿಗೆ ಇಂಗ್ಲಿಷಿನ ದೊಡ್ಡ ಅಕ್ಷರಗಳಲ್ಲಿ ಬರೆಯತಕ್ಕುದೆಂದು ವಿಧಿಸಿತು. ‘ಆದಷ್ಟು ಮಟ್ಟಿಗೆ’ ಎಂಬುದು ವಿಕಲ್ಪ. ವಿಕಲ್ಪವಿದ್ದೆಡೆ ಶಿಷ್ಟರು ಯಾವುದನ್ನು ಹಿಡಿಯುವರೆಂಬುದು ಪ್ರಸಿದ್ಧ. ಹಾಸ್ಯವನ್ನು ಗಳಿಗೆಯ ಮಟ್ಟಿಗೆ ಬದಿಗಿಟ್ಟು ನುಡಿಯುವುದಾದರೆ, ವ್ಯಾಕರಣದಲ್ಲಿ ಲಾಘವದ ಶ್ರಮವನ್ನು ಬರೆದವನೇ ಪಡುವನು. ಚೀಟಿಯಲ್ಲಿ ಬರೆದವನು ಉಳಿಸಿದ ಅಕ್ಷರಕ್ಕೆ ಓದಲಾರದವನು ಮೈಯಿಂದ ತೆರುವನು. ಅಂಗಡಿಯ ಹುಡುಗನು ಕಾಗದದ ಲಕೋಟೆಯ ಮೇಲೆ “ಬೆಳಿಗ್ಗೆ ಅರ್ಧ, ತಿಂಡಿ ಆದ ಮೇಲೆ” ಎಂದು ದುಂಡಗೆ ಬರೆಯುವಾಗ, ಕಾಗದವು ಮೊಟ್ಟಮೊದಲ ಬಾರಿಗೆ ರೋಗಿಯೊಡನೆ ಮಾತನಾಡುವುದು. ಅವನನ್ನು ಪತಂಜಲಿಯೆಂದು ಕರೆಯಲು ನನಗೆ ಸಂಕೋಚವಿಲ್ಲ.

ಕೊನೆಗೆ ಫಲಶ್ರುತಿ. ಬಿ.ಪಿ. ಎಂದರೆ ರಕ್ತದೊತ್ತಡ, ಅದು ಇಲ್ಲದವರನ್ನು ಮಸಣಕ್ಕೆ ಒಯ್ಯುವರು, ಆದರೂ ಕೆಲವರಿಗೆ ಮಾತ್ರ ಬಿ.ಪಿ. ಇದೆಯೆನ್ನುವುದು ಲೋಕರೂಢಿ. ಆ ರೂಢಿಯಂತೆ ನನಗೆ ಬಿ.ಪಿ. ಇದೆ. ಅರ್ಧಮಾತ್ರೆಯ ಲಾಘವ ದೊರೆತರೆ ವೈಯಾಕರಣರು ಮಗ ಹುಟ್ಟಿದಷ್ಟು ಹಿಗ್ಗುವರೆಂಬ ಹಳೆಯ ಮಾತನ್ನು ಅತಿಶಯೋಕ್ತಿಯೆಂದು ನಕ್ಕಿದ್ದ ನಾನು, ಬಹುಕಾಲ ಒಂದು ನುಂಗುತ್ತಿದ್ದ ಗುಳಿಗೆಯನ್ನು ವೈದ್ಯರು ಮೊನ್ನೆ ಹೊಡೆದುಹಾಕಿ ½-0-0 ಎಂದು ಬರೆದ ಸಾಯಂಕಾಲ, ಪೇಟೆಬೀದಿಯಲ್ಲಿ ನಿಂತು ಕಾಲು ಕಿಲೋ ಮೈಸೂರುಪಾಕು ಕಟ್ಟಿಸಿದೆನು.

ಪೊಟ್ಟಣವನ್ನು ಕಂಡ ಮನೆಯಾಕೆ, “ಯಾರ ಮನೇಲಿ ಕೂಸು? ಗಂಡೋ ಹೆಣ್ಣೋ?” ಎಂದಳು.

“ಅರ್ಧಮಾತ್ರೆ” ಎಂದೆನು.