ಕಾಲಡಿಯ ಮಹಾಶಯ

ಹೊಸ ಕಾರು ತರುವ ಸಡಗರದಲ್ಲಿ ಮನೆಯ ಪ್ರತಿಯೊಬ್ಬರಿಗೂ ಒಂದೊಂದು ಖಾತೆ ಹಂಚಿಕೆಯಾಗಿರುತ್ತದೆ. ಬಣ್ಣ ಮಗಳ ಖಾತೆ. ಮೈಲೇಜು ಅಪ್ಪನದು. ಸನ್‌ರೂಫ್ ಇಲ್ಲದಿದ್ದರೆ ಊಟ ಬಿಡುತ್ತೇನೆಂಬ ಹಟ ಮೊಮ್ಮಗನದು. ನಂಬರ್ ಪ್ಲೇಟಿನ ಅಂಕಿಗಳನ್ನು ಕೂಡಿದರೆ ಒಂಬತ್ತು ಬರುತ್ತದೆಯೇ ಎಂದು ಬೆರಳು ಮಡಚಿ ಎಣಿಸುವುದು ಅಜ್ಜಿಯದು. ಕಾರಿನ ನೆಲಕ್ಕೆ ಹಾಸುವ ಮ್ಯಾಟಿಗೆ ಮಾತ್ರ ಮಂತ್ರಿಯೇ ಇಲ್ಲ. ಚೌಕಾಸಿಯೆಲ್ಲ ಮುಗಿದು, ಶೋರೂಮಿನವನು ಇನ್ನೊಂದು ರೂಪಾಯಿಯನ್ನೂ ಬಿಡುವ ಪೈಕಿಯಲ್ಲ ಎಂದು ಖಾತ್ರಿಯಾದ ಮೇಲೆ ಅದರ ನೆನಪಾಗುತ್ತದೆ. "ಹೋಗಲಿ, ಮ್ಯಾಟಾದರೂ ಫ್ರೀ ಕೊಡಿ." ಅವನು ಗಂಭೀರವಾಗಿ ಮ್ಯಾನೇಜರ ಕೋಣೆಗೆ ಹೋಗಿ, ಅಲ್ಲಿ ಏನು ಮಾಡುತ್ತಾನೋ, ಸ್ವಲ್ಪ ಹೊತ್ತು ಬಿಟ್ಟು ಬಂದು, ಸ್ವಂತ ಸಂಬಳದಿಂದ ಕೊಡುತ್ತಿರುವವನ ಮುಖ ಮಾಡಿ ಒಪ್ಪುತ್ತಾನೆ. ಎರಡು ಕಡೆಯವರಿಗೂ ಗೆದ್ದ ಸಂತೋಷ.

ಹೀಗೆ ಕೊಸರಿನ ಲೆಕ್ಕದಲ್ಲಿ ಬಂದ ವಸ್ತುವಿನ ಮೇಲೆ ಯಾರಿಗೆ ತಾನೇ ಅನುಮಾನ ಬರುತ್ತದೆ? ಎಂಜಿನ್ ಕೈಕೊಡಬಹುದು, ಬ್ರೇಕ್ ಕೈಕೊಡಬಹುದು, ಬ್ಯಾಟರಿಯಂತೂ ಮುಹೂರ್ತ ನೋಡಿಯೇ ಕೈಕೊಡುತ್ತದೆ. ಬೂಟಿನ ಕೆಸರು ಒರೆಸಿಕೊಳ್ಳುತ್ತಾ ಬಿದ್ದಿರುವ ಮ್ಯಾಟು ಏನು ಮಾಡೀತು?

ಅದು ಏನು ಮಾಡೀತೆಂಬುದು ಅಮೆರಿಕದವರಿಗೆ ಗೊತ್ತಾದದ್ದು 2009ರ ಆಗಸ್ಟ್ 28ರಂದು. ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೊ ಹತ್ತಿರದ ಸ್ಯಾಂಟೀ ಎಂಬಲ್ಲಿ ಹೆದ್ದಾರಿ ಪೊಲೀಸ್ ಅಧಿಕಾರಿಯೊಬ್ಬರು ತಮ್ಮ ಕಾರನ್ನು ಸರ್ವಿಸ್‌ಗೆ ಬಿಟ್ಟು, ಡೀಲರ್ ಬದಲಿಗೆ ಕೊಟ್ಟ ಲೆಕ್ಸಸ್ ಇಎಸ್ 350ರಲ್ಲಿ ಸಂಸಾರ ಸಮೇತ ಹೊರಟಿದ್ದರು. ಆಕ್ಸಿಲರೇಟರ್ ಒತ್ತಿದ್ದು ಒತ್ತಿದಂತೆಯೇ ಉಳಿಯಿತು. ಕಾರಿನೊಳಗಿಂದಲೇ ತುರ್ತು ಸಹಾಯದ ನಂಬರಿಗೆ ಕರೆ ಹೋಯಿತು, ಬ್ರೇಕ್ ಹಿಡಿಯುತ್ತಿಲ್ಲ ಎಂದು. ಒಳಗಿದ್ದ ನಾಲ್ವರೂ ಉಳಿಯಲಿಲ್ಲ. ವಾಹನ ಓಡಿಸುವುದೇ ವೃತ್ತಿಯಾಗಿದ್ದ ಮನುಷ್ಯನಿಗೆ ಹೀಗಾಯಿತಲ್ಲ ಎಂದು ದೇಶವೇ ಬೆಚ್ಚಿತು. ತನಿಖೆ ಮಾಡಿದವರಿಗೆ ಸಿಕ್ಕಿದ್ದು ಒಂದು ದಪ್ಪ ರಬ್ಬರ್ ಮ್ಯಾಟು. ಅದು ಆ ಕಾರಿನದೇ ಅಲ್ಲ, ಅದೇ ಕಂಪನಿಯ ದೊಡ್ಡ ಕಾರಿನದು. ಅಳತೆ ಮೀರಿದ ಅದರ ಅಂಚಿಗೆ ಪೆಡಲಿನ ತುದಿ ಸಿಕ್ಕಿಕೊಂಡಿತ್ತು. ಕೆಲವೇ ದಿನ ಮೊದಲು ಅದೇ ಕಾರನ್ನು ಒಯ್ದಿದ್ದ ಇನ್ನೊಬ್ಬ ಗ್ರಾಹಕನಿಗೂ ಹೀಗೇ ಆಗಿ, ಆತ ಹೇಗೋ ನಿಲ್ಲಿಸಿ, ಮ್ಯಾಟು ಬಿಡಿಸಿ, ವಾಪಸು ಕೊಡುವಾಗ ಕೌಂಟರಿನಲ್ಲಿ ಹೇಳಿಯೂ ಹೋಗಿದ್ದ. ಮಾತು ಕೌಂಟರಿನಿಂದ ಮುಂದೆ ಹೋಗಲಿಲ್ಲ. ಮ್ಯಾಟಿನ ವಿಷಯ ತಾನೇ.

ಚಾಪೆ ಕೆಳಗೆ ತೂರಿದರೆ ರಂಗೋಲಿ ಕೆಳಗೆ ತೂರುವವರ ಗಾದೆ ನಮ್ಮಲ್ಲಿದೆ. ಈ ಪ್ರಕರಣದಲ್ಲಿ ಪೆಡಲು ಚಾಪೆ ಕೆಳಗೆ ತೂರಿತು, ಲೆಕ್ಸಸ್ ಮಾಡುವ ಟೊಯೋಟಾ ಕಂಪನಿ ರಂಗೋಲಿ ಕೆಳಗೆ ತೂರಿತು. ಮ್ಯಾಟಿನ ದೂರು ಮೊದಲೇ ಬಂದಿತ್ತು. 2007ರಲ್ಲಿ 55,000 ಮ್ಯಾಟುಗಳನ್ನಷ್ಟೇ ವಾಪಸು ಕರೆಸಿಕೊಂಡು, ಕಾರಿನಲ್ಲೇನೂ ಐಬಿಲ್ಲವೆಂದು ಸರ್ಕಾರವನ್ನು ಒಪ್ಪಿಸಿ, ಹೀಗೆ ಬಗೆಹರಿಸಿದ್ದರಿಂದ 10 ಕೋಟಿ ಡಾಲರಿಗೂ ಹೆಚ್ಚು ಉಳಿತಾಯವಾಯಿತೆಂದು ಕಂಪನಿಯ ಒಳಗಿನ ಕಾಗದವೊಂದರಲ್ಲಿ ಸಾಧನೆಗಳ ಪಟ್ಟಿಗೆ ಸೇರಿಸಿಕೊಂಡಿದ್ದರು. ಆ ಕಾಗದದ ತಾರೀಕು 2009ರ ಜುಲೈ. ಮುಂದಿನ ತಿಂಗಳು ಸ್ಯಾಂಟೀ. ಸೆಪ್ಟೆಂಬರ್ ಕೊನೆಗೆ ಸುಮಾರು 38 ಲಕ್ಷ ಕಾರುಗಳ ಒಡೆಯರಿಗೆ ಕಂಪನಿಯ ಸೂಚನೆ ಹೋಯಿತು: ಡ್ರೈವರ್ ಕಡೆಯ ಮ್ಯಾಟು ತೆಗೆದುಬಿಡಿ, ಇನ್ನೊಂದನ್ನು ಹಾಕಬೇಡಿ. ಲೋಕಕ್ಕೆಲ್ಲ ಗುಣಮಟ್ಟದ ಪಾಠ ಹೇಳಿಕೊಟ್ಟವರ ಬಾಯಲ್ಲಿ ಮನೆ ಗುಡಿಸುವ ಹೊತ್ತಿನ ಮಾತು ಬಂತು.

ಆಮೇಲೆ ಮಾಡಿದ ರಿಪೇರಿ ಇನ್ನೂ ಚೆನ್ನಾಗಿದೆ. ಮ್ಯಾಟಿನ ಅಂಚಿಗೆ ತಗುಲದಂತೆ ಪೆಡಲಿನ ತುದಿಯನ್ನೇ ಕತ್ತರಿಸಿದರು. ಲಕ್ಷಗಟ್ಟಲೆ ಕಾರುಗಳನ್ನು ಡೀಲರುಗಳ ಬಳಿಗೆ ಕರೆಸಿ, ಅಳತೆ ಹಿಡಿದು, ಗರಗಸ ಹಾಕಿ! ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂದು ನಮ್ಮ ಹಿರಿಯರು ಹೇಳಿದ್ದನ್ನು ಇಷ್ಟು ಅಕ್ಷರಶಃ ಪಾಲಿಸಿದವರು ಬೇರೆ ಯಾರೂ ಇರಲಾರರು. ಜೊತೆಗೆ ಬ್ರೇಕ್ ಒತ್ತಿದ ಕೂಡಲೇ ಆಕ್ಸಿಲರೇಟರಿನ ಮಾತು ನಡೆಯದಂತೆ ಮಾಡುವ ಸಾಫ್ಟ್‌ವೇರನ್ನೂ ಹಲವು ಮಾದರಿಗಳಿಗೆ ಹಾಕಿಕೊಟ್ಟರು. ಇದೇ ನಿಜವಾದ ಮದ್ದು. ಇದು ಬೇರೆ ಕೆಲವು ಕಂಪನಿಗಳ ಕಾರುಗಳಲ್ಲಿ ಆಗಲೇ ಇತ್ತು.

ಮ್ಯಾಟಿನ ಗಲಾಟೆ ತಣ್ಣಗಾಗುವ ಮೊದಲೇ, 2010ರ ಜನವರಿಯಲ್ಲಿ, ಮ್ಯಾಟೇ ಇಲ್ಲದಿದ್ದರೂ ಕೆಲವು ಪೆಡಲುಗಳು ಅಂಟಿಕೊಳ್ಳುತ್ತವೆ ಎಂಬ ಸುದ್ದಿ ಬಂತು. ಇನ್ನೂ 23 ಲಕ್ಷ ಕಾರು. ಎಂಟು ಮಾದರಿಗಳ ಮಾರಾಟವನ್ನೇ ನಿಲ್ಲಿಸಿದರು. ಕಾರಣ ಕೇಳಿದರೆ ಮನುಷ್ಯನ ಕಾಲಿನ ಮೇಲೆ ಪ್ರೀತಿ ಉಕ್ಕುತ್ತದೆ. ಹಿಂದೆ ಆಕ್ಸಿಲರೇಟರಿಗೂ ಎಂಜಿನ್ನಿಗೂ ನಡುವೆ ಕೇಬಲ್ ಇರುತ್ತಿತ್ತು. ಒತ್ತಿದರೆ ಅದು ಎಳೆಯುತ್ತಿತ್ತು, ಆ ಬಿಗಿ ಅಂಗಾಲಿಗೆ ತಿಳಿಯುತ್ತಿತ್ತು. ಈಗ ಪೆಡಲಿನ ಬುಡದಲ್ಲಿರುವುದು ಸೆನ್ಸರ್. ಎಷ್ಟು ಒತ್ತಿದಿರಿ ಎಂಬುದನ್ನು ಅದು ಕಂಪ್ಯೂಟರಿಗೆ ವರದಿ ಮಾಡುತ್ತದೆ, ಅಷ್ಟೇ. ಎಳೆಯುವುದಕ್ಕೆ ಏನೂ ಇಲ್ಲ, ಪೆಡಲು ಹಗುರ. ಆದರೆ ಕಾಲಿಗೆ ಹಳೆಯ ಬಿಗಿಯೇ ಬೇಕು, ಅದಿಲ್ಲದಿದ್ದರೆ ಏನೋ ಕಳೆದುಕೊಂಡ ಭಾವ. ಹಾಗಾಗಿ ಬರೀ ಕಾಲಿನ ಸಮಾಧಾನಕ್ಕೆಂದು ಪೆಡಲಿನೊಳಗೆ ಉಜ್ಜಿಕೊಂಡು ತಡೆಯೊಡ್ಡುವ ಒಂದು ತುಂಡನ್ನು ಇಟ್ಟರು. ಅದು ಸವೆದು, ತೇವ ಹಿಡಿದು, ತಡೆಯೊಡ್ಡುವ ಕೆಲಸವನ್ನು ಅಗತ್ಯಕ್ಕಿಂತ ನಿಷ್ಠೆಯಿಂದ ಮಾಡತೊಡಗಿತು. ಒತ್ತಿದ ಪೆಡಲು ಮೇಲೇಳಲು ಮೀನಮೇಷ ಎಣಿಸಿತು. ಪರಿಹಾರ ಏನೆಂದರೆ ಆ ಸಂದಿಯಲ್ಲಿ ಒಂದು ಚೂರು ಉಕ್ಕಿನ ತಗಡು. ಇಷ್ಟಕ್ಕೆ ಕಂಪನಿಯ ಅಧ್ಯಕ್ಷ ಅಕಿಯೊ ಟೊಯೋಡಾ ಫೆಬ್ರುವರಿ 24ರಂದು ಅಮೆರಿಕದ ಸಂಸತ್ ಸಮಿತಿಯೆದುರು ಕೂತು ಕ್ಷಮೆ ಕೇಳಬೇಕಾಯಿತು.

ಅವರ ಮುತ್ತಜ್ಜ ನೆನಪಾಗುವುದು ಇಲ್ಲಿ. ಸಕಿಚಿ ಟೊಯೋಡಾ ಕಾರು ಮಾಡಿದವನಲ್ಲ, ಮಗ್ಗ ಮಾಡಿದವನು. 1924ರಲ್ಲಿ ಬಂದ ಆತನ ಸ್ವಯಂಚಾಲಿತ ಮಗ್ಗದ ಹೆಚ್ಚುಗಾರಿಕೆ ಅದರ ಓಟವಲ್ಲ, ನಿಲುಗಡೆ. ಒಂದು ನೂಲು ಕಡಿದರೂ ಮಗ್ಗ ತಾನಾಗಿ ನಿಂತುಬಿಡುತ್ತಿತ್ತು. ಅದರ ಹಕ್ಕನ್ನು 1929ರಲ್ಲಿ ಇಂಗ್ಲೆಂಡಿನ ಪ್ಲಾಟ್ ಬ್ರದರ್ಸ್ ಕೊಂಡುಕೊಂಡಿತು, ಆ ಹಣ ಮಗನ ಕಾರಿನ ಪ್ರಯೋಗಕ್ಕೆ ಬುನಾದಿಯಾಯಿತು ಎಂಬುದು ಮನೆತನದ ಹೆಮ್ಮೆಯ ಕಥೆ. ತಪ್ಪು ಕಂಡ ಕೂಡಲೇ ಯಾವ ಕಾರ್ಮಿಕನಾದರೂ ಹಗ್ಗ ಎಳೆದು ಇಡೀ ಸಾಲನ್ನು ನಿಲ್ಲಿಸಬಹುದೆಂಬ ಅವರ ಕಾರ್ಖಾನೆಯ ಪದ್ಧತಿ ಅದೇ ಮಗ್ಗದ ಮೊಮ್ಮಗು. ನಮ್ಮ ಬಿಡದಿಯ ಕಾರ್ಖಾನೆ, ಕ್ವಾಲಿಸ್ ಮತ್ತು ಇನ್ನೋವಾಗಳ ತವರು, ನಡೆಯುವುದೂ ಇದೇ ಪದ್ಧತಿಯಲ್ಲಿ. ನಿಲ್ಲುವುದನ್ನೇ ಕುಲವಿದ್ಯೆ ಮಾಡಿಕೊಂಡವರ ಕಾರು ನಿಲ್ಲಲಿಲ್ಲ ಎಂಬುದು ಆ ಸಂಸತ್ತಿನ ಪ್ರಶ್ನೋತ್ತರಕ್ಕಿಂತ ಅವರಿಗೆ ಹೆಚ್ಚು ಚುಚ್ಚಿರಬೇಕು.

ಆದರೆ ಜನಕ್ಕೆ ಮ್ಯಾಟಿನ ಕಥೆ ರುಚಿಸಲಿಲ್ಲ. ಇಷ್ಟು ದೊಡ್ಡ ಅನಾಹುತಕ್ಕೆ ಇಷ್ಟು ಕ್ಷುದ್ರ ಕಾರಣವೇ? ಕಂಪ್ಯೂಟರಿನೊಳಗೆ ಏನೋ ಸೇರಿಕೊಂಡಿದೆ ಎಂಬ ಗುಮಾನಿಗೆ ಹೆಚ್ಚು ತೂಕ. ಕೊನೆಗೆ ಸರ್ಕಾರ ನಾಸಾದವರನ್ನೇ ಕರೆಸಿತು. ಬಾಹ್ಯಾಕಾಶದ ಎಂಜಿನಿಯರುಗಳು 2,80,000 ಸಾಲಿಗೂ ಹೆಚ್ಚಿನ ಸಾಫ್ಟ್‌ವೇರ್ ಓದಿದರು, ಮಿಷಿಗನ್ನಿನಲ್ಲಿ ಕಾರುಗಳ ಮೇಲೆ ವಿದ್ಯುತ್ಕಾಂತೀಯ ಅಲೆಗಳ ಮಳೆ ಸುರಿಸಿದರು. 2011ರ ಫೆಬ್ರುವರಿಯಲ್ಲಿ ವರದಿ ಬಂತು: ಕಾರು ತಾನಾಗಿ ನುಗ್ಗಲು ಎಲೆಕ್ಟ್ರಾನಿಕ್ ಕಾರಣ ಸಿಗಲಿಲ್ಲ. ಉಳಿದದ್ದು ಮ್ಯಾಟು, ಅಂಟುವ ಪೆಡಲು, ಮತ್ತು ಬ್ರೇಕೆಂದುಕೊಂಡು ಆಕ್ಸಿಲರೇಟರ್ ಒತ್ತುವ ಕಾಲು. ಇಷ್ಟಕ್ಕೇ ವ್ಯಾಜ್ಯ ಮುಗಿಯಲಿಲ್ಲ. 2013ರಲ್ಲಿ ಒಕ್ಲಹೋಮಾದ ಜ್ಯೂರಿಯೊಂದು ಬೇರೊಂದು ಅಪಘಾತದಲ್ಲಿ ಸಾಫ್ಟ್‌ವೇರಿನದೇ ತಪ್ಪೆಂಬ ವಾದವನ್ನು ಒಪ್ಪಿತು. ಮರುವರ್ಷ ಗ್ರಾಹಕರನ್ನು ದಾರಿ ತಪ್ಪಿಸಿದ್ದಕ್ಕಾಗಿ ಕಂಪನಿ 120 ಕೋಟಿ ಡಾಲರ್ ದಂಡ ಕಟ್ಟಿತು. ನನ್ನ ಎಣಿಕೆಯಲ್ಲಿ ಇದು ಮ್ಯಾಟು ಹಾಸಿದ್ದಕ್ಕೆ ಕಟ್ಟಿದ್ದಲ್ಲ, ಅದರಡಿ ಗುಡಿಸಿ ಹಾಕಿದ್ದಕ್ಕೆ ಕಟ್ಟಿದ್ದು.

ಕಾಲಿನ ತಪ್ಪೆಂದರೆ ಯಾರಿಗಾದರೂ ಸಿಟ್ಟು ಬರುತ್ತದೆ. 1986ರಲ್ಲಿ ಅಮೆರಿಕದ ಪ್ರಖ್ಯಾತ ಟಿ.ವಿ. ಕಾರ್ಯಕ್ರಮವೊಂದು ಆಡಿ 5000 ಕಾರಿನ ಪೆಡಲು ತಾನಾಗಿ ಕೆಳಗಿಳಿಯುವುದನ್ನು ತೋರಿಸಿ ಹುಯಿಲೆಬ್ಬಿಸಿತು. ಹಾಗಾಗಲೆಂದು ಕಾರಿಗೆ ಹೊರಗಿನಿಂದ ಗಾಳಿ ಹೊಡೆದಿದ್ದರೆಂಬುದು ಆಮೇಲೆ ಹೊರಬಿತ್ತು. 1989ರಲ್ಲಿ ಸರ್ಕಾರಿ ತನಿಖೆ ಬಹುತೇಕ ಪ್ರಕರಣಗಳಲ್ಲಿ ಕಾಲೇ ಪೆಡಲು ತಪ್ಪಿದೆ ಎಂದಿತು. ಇಂದು ಆಟೋಮ್ಯಾಟಿಕ್ ಕಾರಿನಲ್ಲಿ ಬ್ರೇಕ್ ಒತ್ತದೆ ಗೇರು ಕದಲುವುದಿಲ್ಲವಲ್ಲ, ಆ ಕಟ್ಟುಪಾಡು ಹಬ್ಬಿದ್ದು ಆ ರಗಳೆಯ ದೆಸೆಯಿಂದ. ನಮ್ಮಲ್ಲೂ ಕಾಲು ತಪ್ಪುತ್ತದೆ. 2025ರ ಸೆಪ್ಟೆಂಬರಿನಲ್ಲಿ ದೆಹಲಿಯ ಶೋರೂಮಿನಲ್ಲಿ ಹೊಸ ಗಾಡಿಯ ಚಕ್ರಕ್ಕಿಟ್ಟ ನಿಂಬೆಹಣ್ಣಿನ ಮೇಲೆ ಮೆಲ್ಲಗೆ ಹತ್ತಿಸಲು ಹೋಗಿ, ಆಕ್ಸಿಲರೇಟರ್ ಜೋರಾಗಿ, ಗಾಡಿ ಮೊದಲ ಮಹಡಿಯ ಗಾಜು ಒಡೆದುಕೊಂಡು ಬೀದಿಗಿಳಿಯಿತು. ಪುಣ್ಯಕ್ಕೆ ಒಳಗಿದ್ದವರ ಜೀವಕ್ಕೇನೂ ಆಗಲಿಲ್ಲ. ನಿಂಬೆಹಣ್ಣು ತನ್ನ ಕೆಲಸ ಮಾಡಿತೆಂದೇ ನಮ್ಮ ಅತ್ತೆಯವರ ವ್ಯಾಖ್ಯಾನ.

ಐಬಿರುವ ವಾಹನವನ್ನು ಕಂಪನಿ ವಾಪಸು ಕರೆಸಿಕೊಳ್ಳುವುದು ನಮ್ಮಲ್ಲಿ ಬಹುಕಾಲ ಕಂಪನಿಯ ಧರ್ಮಬುದ್ಧಿಗೆ ಬಿಟ್ಟ ವಿಷಯವಾಗಿತ್ತು. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯ ಬಲದಿಂದ 2021ರಿಂದ ಸರ್ಕಾರವೇ ಕಡ್ಡಾಯ ಮಾಡಬಹುದಾಗಿದೆ. ಒಳ್ಳೆಯದೇ. ಆದರೆ ಕಂಪನಿ ಕೊಟ್ಟದ್ದರ ಮೇಲೆ ನಾವಾಗಿ ಹಾಸಿಕೊಂಡದ್ದನ್ನು ಯಾವ ಕಾಯ್ದೆ ವಾಪಸು ಕರೆಸೀತು?

ನನ್ನ ಭಾವಮೈದ ಸುರೇಶನ ಕಾರಿನ ನೆಲವನ್ನೇ ನೋಡಿ. ಉತ್ಖನನ ಮಾಡಿದಂತೆ ಪದರ ಪದರವಾಗಿ ಬಿಚ್ಚಬೇಕು. ಎಲ್ಲಕ್ಕಿಂತ ಮೇಲೆ ಸರ್ವಿಸ್‌ನವರು ಹಾಸಿದ ಕಾಗದ, ಹಿಮ್ಮಡಿ ತಾಗುವಲ್ಲಿ ತೂತಾಗಿದೆ. ಅದರಡಿ ಸೇವಿಗೆಯ ಗಂಟಿನ ನೂಡಲ್ ಮ್ಯಾಟು. ಅದರಡಿ ಮಳೆಗಾಲದ ರಬ್ಬರು. ಅದರಡಿ ಕಂಪನಿಯ ಕಾರ್ಪೆಟ್ ಮ್ಯಾಟು, ಅದರ ಪ್ಲಾಸ್ಟಿಕ್ ಕವರನ್ನು ಇನ್ನೂ ತೆಗೆದಿಲ್ಲ. ಕಾರು ಲಕ್ಷ್ಮಿಯಾದ್ದರಿಂದ ಅವನು ಚಪ್ಪಲಿ ಮೆಟ್ಟಿ ಓಡಿಸುವುದಿಲ್ಲ. ಬಿಚ್ಚಿ ಪಕ್ಕಕ್ಕೆ ಸರಿಸುತ್ತಾನೆ, ಅಂದರೆ ಬ್ರೇಕಿನ ಪಕ್ಕಕ್ಕೆ.

"ಇಷ್ಟೊಂದು ಯಾಕೋ ಸುರೇಶ?"

"ಕಂಪನಿ ಮ್ಯಾಟು ಕೊಳೆಯಾಗಬಾರದು ಅಂತ ರಬ್ಬರು, ಭಾವ."

"ಅದರ ಮೇಲಿಂದು?"

"ರಬ್ಬರು ನೋಡೋಕೆ ಚೆನ್ನಾಗಿರಲ್ಲ ಅಂತ ಅದು."

"ಕಾಗದ?"

"ಅದು ಕೊಳೆಯಾಗಬಾರದಲ್ಲ."

ನಾನು ಬಗ್ಗಿ ಆಕ್ಸಿಲರೇಟರನ್ನು ಕೈಯಿಂದ ಪೂರ್ತಿ ಒತ್ತಿ ತೋರಿಸಿದೆ. ತುದಿ ಹೋಗಿ ನೂಡಲಿನೊಳಗೆ ಹೂತಿತು. ಬಿಟ್ಟಾಗ ಒಂದು ಗಳಿಗೆ ಯೋಚಿಸಿ ಮೇಲೆದ್ದಿತು. ಹೀಗೆ ಸಿಕ್ಕಿಕೊಂಡರೆ ಏನು ಮಾಡುತ್ತೀಯೋ ಎಂದರೆ, ಬ್ರೇಕ್ ಒತ್ತಿ ಒತ್ತಿ ಬಿಡುತ್ತೇನೆ ಎಂದ. ಅದನ್ನೇ ಮಾಡಬಾರದು. ಪೆಟ್ರೋಲ್ ಕಾರಿನ ಬ್ರೇಕಿಗೆ ಬಲ ಕೊಡುವ ನಿರ್ವಾತ ಹೆಚ್ಚಾಗಿ ಎಂಜಿನ್ ಉಸಿರೆಳೆಯುವಾಗಿನದು. ಆಕ್ಸಿಲರೇಟರ್ ಪೂರ್ತಿ ತೆರೆದುಕೊಂಡಾಗ ಅದು ಹುಟ್ಟುವುದಿಲ್ಲ. ಬೂಸ್ಟರಿನಲ್ಲಿ ಕೂಡಿಟ್ಟದ್ದು ಎರಡು ಮೂರು ಒತ್ತಿಗೆ ಖಾಲಿ, ಆಮೇಲೆ ಬ್ರೇಕು ಕಲ್ಲು. ಒಂದೇ ಸಲ ಜೋರಾಗಿ ಒತ್ತಿ ಹಿಡಿದುಕೊಂಡೇ ಇರಬೇಕು, ಗೇರನ್ನು ನ್ಯೂಟ್ರಲಿಗೆ ತರಬೇಕು, ಎಂಜಿನ್ ಎಷ್ಟು ಅರಚಿಕೊಂಡರೂ ಅರಚಿಕೊಳ್ಳಲಿ, ಪಕ್ಕಕ್ಕೆ ನಿಂತ ಮೇಲೆ ಆಫ್ ಮಾಡಬೇಕು. ಸುರೇಶ ಎಲ್ಲ ಕೇಳಿ, ನ್ಯೂಟ್ರಲಿನಲ್ಲಿ ಅಷ್ಟು ಅರಚಿದರೆ ಎಂಜಿನ್ ಹಾಳಾಗಲ್ವಾ ಭಾವ ಎಂದ.

ಆದರೂ ಮಾತು ಸ್ವಲ್ಪ ನಾಟಿತೆಂದು ಕಾಣುತ್ತದೆ. ಮುಂದಿನ ಭಾನುವಾರವೇ ಜೆ.ಸಿ. ರಸ್ತೆಗೆ ಹೊರಟ, ನನ್ನನ್ನೂ ಕರೆದುಕೊಂಡು. ಹಳೆಯದೆಲ್ಲ ತೆಗೆಸಿ ಒಂದೇ ಒಂದು ಮ್ಯಾಟು, ಸೆವೆನ್ ಡಿ ಅಂತೆ, ಅಂಚುಕಟ್ಟಿ ತಟ್ಟೆಯಾಕಾರದಲ್ಲಿ ಹೊಲಿದದ್ದು. ಉಳಿದ ನಾಲ್ಕು ಆಯಾಮಗಳೆಲ್ಲಿ ಎಂದು ನಾನು ಕೇಳಲಿಲ್ಲ. ಹುಡುಗ ಕಾರಿನೊಳಗೆ ತಲೆ ತೂರಿಸಿ, ಕಾಲು ಹೊರಗೆ ಚಾಚಿ, ಅರ್ಧ ಗಂಟೆ ಒದ್ದಾಡಿ ಹೊರಬಂದ. ಮ್ಯಾಟು ಮುಂದಕ್ಕೆ ಸರಿಯದಂತೆ ಕಂಪನಿಯವರು ನೆಲಕ್ಕೆ ಎರಡು ಕೊಕ್ಕೆ ಹಾಕಿರುತ್ತಾರಲ್ಲ, ಅದಕ್ಕೆ ಸರಿಯಾಗಿ ಸಿಕ್ಕಿಸಿದೆಯೇನಪ್ಪ ಎಂದು ವಿಚಾರಿಸಿದೆ.

"ಅದಾ ಸಾರ್? ಮ್ಯಾಟಿಗೆ ಅಡ್ಡ ಬರ್ತಿತ್ತು, ಕಟ್ ಮಾಡಿದೆ," ಎಂದು ಅಂಗೈ ಬಿಚ್ಚಿ ಎರಡು ಕೊಕ್ಕೆಗಳನ್ನೂ ತೋರಿಸಿದ. "ಬೇಕಂದ್ರೆ ಕವರಲ್ಲಿ ಹಾಕ್ಕೊಡ್ತೀನಿ."